ಮಾಲೀಕರು ಮಾರ್ಕೆಟ್ಟಿಗೆ ಹೋಗಿದ್ದಾರೆ

ಸೆಂಗ್‌ಕಾಂಗ್, ಸಿಂಗಾಪುರ
11 ಮಾರ್ಚ್ 2007

ನನ್ನ ಮುದ್ದು ಆಯಿ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಕನ್ನಡಕ್ಕೆ ಬೈಯಬೇಡ. ನನ್ನನ್ನು ಕಾನ್ವೆಂಟಿಗೆ ಹಾಕಿದ್ದು ನಿನ್ನ ಮಗಳು. ಫೋನಿನಲ್ಲಿ ನಿನಗೆ ನನ್ನ ಮಾತು ಕೇಳಿಸುವುದಿಲ್ಲ, ನನಗೆ ನಿನ್ನ ‘ಆಂ? ಆಂ?’ ಬಿಟ್ಟು ಇನ್ನೇನೂ ಕೇಳಿಸುವುದಿಲ್ಲ. ಹಾಗಾಗಿ ಕಾಗದವೇ ಗತಿ.

ಮನೆ ಸಿಕ್ಕಿತು ಆಯಿ. ನಮ್ಮದೇ ಮನೆ, ನಮ್ಮದೇ ಬಾಗಿಲು. ಮದುವೆಯಾಗಿ ಬಂದಾಗಿನಿಂದ ಕಿರಣನ ಗೆಳೆಯರ ಹಾಲಿನಲ್ಲಿ ಪರದೆ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದೆವು. ಪರದೆಯ ಆಚೆ ಮೂವರು ಇಂಜಿನಿಯರುಗಳು ಕ್ರಿಕೆಟ್ ನೋಡುತ್ತಿದ್ದರು, ಈಚೆ ನಾವು ಪಿಸುಗುಡುತ್ತಿದ್ದೆವು. ಒಂದು ದಿನ ಕಿರಣ ನನ್ನ ಕಿವಿಯಲ್ಲಿ ಏನೋ ಹೇಳಿದ, ಆಚೆಯಿಂದ ಒಬ್ಬ ‘ಔಟ್’ ಅಂತ ಕೂಗಿದ. ಟಿವಿಗೆ ಕೂಗಿದ್ದೇ ಇರಬೇಕು. ಆದರೂ ನಾನು ಆವತ್ತು ರಾತ್ರಿ ಊಟ ಮಾಡಲಿಲ್ಲ.

ಈ ವರ್ಷ ಇಲ್ಲಿ ಬಾಡಿಗೆ ಮನೆ ಸಿಗುವುದೆಂದರೆ ಪುಣ್ಯ. ಬೆಳಿಗ್ಗೆ ನೋಡಿ ಬಂದ ಮನೆಯ ಮುಂದೆ ಸಂಜೆಗೆ ಬೇರೆಯವರ ಚಪ್ಪಲಿ. ಅಂಥದ್ದರಲ್ಲಿ ಸಿಕ್ಕವರು ಆನಂದಕುಮಾರ ಅಂಕಲ್. ಗದಗಿನವರು, ನಮ್ಮವರೇ. ವಾರವಿಡೀ ತಂಜಾಂಗ್ ಪಗಾರ್‌ನ ಯಾವುದೋ ಆಫೀಸಿನಲ್ಲಿ ಕೆಲಸ, ಶನಿವಾರ ಭಾನುವಾರ ಮನೆ ಕೊಡಿಸುವ ಏಜೆಂಟ್. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಎರಡು ಮೊಬೈಲ್. ಏಜೆಂಟ್ ಆಗೋದಕ್ಕೆ ಲೈಸೆನ್ಸ್ ಬೇಡವಾ ಅಂಕಲ್ ಅಂತ ಕಿರಣ ಕೇಳಿದ. “ಲೈಸೆನ್ಸ್ ಕಂಪನಿಗೆ ಇರ್ತೈತಿ ತಮ್ಮಾ, ನನಗ ವಿಸಿಟಿಂಗ್ ಕಾರ್ಡ್ ಸಾಕು” ಅಂತ ನಕ್ಕರು.

ಒಂಬತ್ತನೇ ಮಹಡಿ. ಅಡುಗೆಮನೆಯ ಕಿಟಕಿಯಿಂದಾಚೆ ಬಿದಿರಿನ ಕೋಲು ಚಾಚಿ ಬಟ್ಟೆ ಒಣಗಿಸುತ್ತಾರೆ. ನನ್ನ ಇಳಕಲ್ ಸೀರೆ ಹಾರಾಡುವುದನ್ನು ಇಡೀ ಸೆಂಗ್‌ಕಾಂಗ್ ನೋಡಬಹುದು. ಕೆಳಗೆ ಪುಟಾಣಿ ರೈಲೊಂದು ಡ್ರೈವರೇ ಇಲ್ಲದೆ ಸುತ್ತು ಹಾಕುತ್ತದೆ. ಅದನ್ನು ನೋಡಿಯೇ ನಿನಗೊಂದು ಒಡಪು ಕಟ್ಟಿದ್ದೇನೆ:

ಡ್ರೈವರ್ ಇಲ್ಲದ ರೈಲು ತಿರುಗತೈತಿ ಸುತ್ತಮುತ್ತ,
ಬಸವಕಿರಣರ ಹೆಸರು ಹೇಳತೀನಿ ಕಿಟಕಿ ಕಡೆ ನೋಡುತ್ತ.

ಈಗ ತಮಾಷೆ ಕೇಳು. ಮೂರು ರೂಮಿನಲ್ಲಿ ನಮಗೆ ಎರಡು, ಮೂರನೆಯದಕ್ಕೆ ಬೀಗ. ಇದು ಸರ್ಕಾರದ ಹೌಸಿಂಗ್ ಬೋರ್ಡ್ ಕಟ್ಟಿದ ಮನೆ. ಮಾಲೀಕ ತಾನು ಇಲ್ಲೇ ಇದ್ದುಕೊಂಡು ರೂಮುಗಳನ್ನು ಬಾಡಿಗೆಗೆ ಕೊಡಬಹುದು. ಇಡೀ ಮನೆ ಕೊಟ್ಟು ಹೋಗಬೇಕಾದರೆ ಕೆಲವು ವರ್ಷ ತಾನೇ ವಾಸ ಮಾಡಿರಬೇಕು, ಆಮೇಲೆ ಬೋರ್ಡಿನ ಅನುಮತಿ ಬೇಕು. ನಮ್ಮ ಮಾಲೀಕರಿಗೆ ಆ ವರ್ಷಗಳು ಇನ್ನೂ ತುಂಬಿಲ್ಲ. ಆದ್ದರಿಂದ ಕಾಗದದ ಮೇಲೆ ಮಿಸ್ಟರ್ ಲಿಮ್ ಎಂಬ ಮುದುಕರು ನಮ್ಮ ಜೊತೆಗೇ ಇದ್ದಾರೆ, ಆ ಬೀಗದ ರೂಮಿನಲ್ಲಿ. ನಿಜದಲ್ಲಿ ಇಲ್ಲ. ಎಲ್ಲ ವ್ಯವಹಾರ ಅವರ ಮಗನದು. ಅವನನ್ನೂ ನಾವು ನೋಡಿಲ್ಲ.

ಆನಂದಕುಮಾರ ಅಂಕಲ್ ನನ್ನಿಂದ ಪಾಠ ಒಪ್ಪಿಸಿಕೊಂಡರು.

“ಬೋರ್ಡಿನವರು ಬಂದು ಮಾಲೀಕರೆಲ್ಲಿ ಅಂದರ ಏನಂತಿ ತಂಗಿ?”

“ಮಾಲೀಕರು ಮಾರ್ಕೆಟ್ಟಿಗೆ ಹೋಗಿದ್ದಾರೆ.”

“ಯಾವಾಗ ಬರ್ತಾರ?”

“ಗೊತ್ತಿಲ್ಲ.”

“ತಪ್ಪು. ಸಂಜೀಕ ಬರ್ತಾರ ಅನಬೇಕು. ಗೊತ್ತಿಲ್ಲ ಅಂದವರೇ ಸಿಕ್ಕಿ ಬೀಳೋದು.”

ನಾಟಕದ ಸಾಮಾನೂ ಕೊಟ್ಟಿದ್ದಾರೆ. ಬಾಗಿಲ ಹೊರಗೆ ಮಿಸ್ಟರ್ ಲಿಮ್ ಅವರ ಕಂದು ಚಪ್ಪಲಿ ಸದಾ ಇರಬೇಕು. ವಾರಕ್ಕೊಮ್ಮೆ ಅವರ ನೀಲಿ ಅಂಗಿಯನ್ನು ನೀರಿಗದ್ದಿ ಕೋಲಿಗೆ ಹಾಕಬೇಕು. ಕಾಲೇಜಿನಲ್ಲಿ ನಾಟಕಕ್ಕೆ ಬಹುಮಾನ ತೆಗೆದುಕೊಂಡವಳಲ್ಲವೇ ನಾನು, ನನಗಂತೂ ಮಜಾ ಅನ್ನಿಸಿತು. ಸಿಕ್ಕಿಬಿದ್ದರೆ ಮಾತ್ರ ಮನೆ ಬಿಡಿಸುತ್ತಾರಂತೆ. ಇಲ್ಲಿರಲು ಸರ್ಕಾರ ಕೊಟ್ಟ ಕಿರಣನ ಕೆಲಸದ ಪಾಸಿಗೂ ಕುತ್ತು ಬಂದರೆ ನಾನೂ ಹೊರಡಬೇಕು, ಅವನ ಪಾಸಿಗೆ ನನ್ನ ಪಾಸು ಗಂಟು ಹಾಕಿದ್ದು. ಆದರೆ ಯಾರೂ ಸಿಕ್ಕಿಬಿದ್ದಿಲ್ಲವಂತೆ.

ಹಾಲು ಉಕ್ಕಿಸಿದೆ ಆಯಿ. ಒಲೆಯ ತುಂಬ ಚೆಲ್ಲಿತು. ಇಷ್ಟು ಸಂತೋಷ ಒಬ್ಬಳಿಗೇ ಸಿಗಬಹುದಾ?

ನಿನ್ನ ಮೊಮ್ಮಗಳು, ಹೊಸ ಮನೆಯ ಒಡತಿ,
ಅಕ್ಷತಾ


ಹುಬ್ಬಳ್ಳಿ
4 ಏಪ್ರಿಲ್ 2007

ಚಿರಂಜೀವಿ ಅಕ್ಷತಾಗೆ ಆಯಿಯ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಕಾಗದದ ತುಂಬ ಗಂಡನ ಹೆಸರು. ಒಡಪಿನಲ್ಲಿ ಒಂದು ಸಲ ಹೇಳಿದ್ದರೆ ಸಾಕಿತ್ತು.

ಹಾಲು ಉಕ್ಕಿಸಿದ್ದು ಛಲೋ ಆಯಿತು. ಆದರೆ ಆ ಬೀಗ ನನಗೆ ಸೇರಲಿಲ್ಲ. ನಿಮ್ಮ ಅಜ್ಜ ಹೋದಾಗಿನಿಂದ ಈ ಚಾಳದ ಖೋಲಿಗಳನ್ನು ಬಾಡಿಗೆಗೆ ಕೊಟ್ಟು ಬದುಕಿದವಳು ನಾನು. ಸುಳ್ಳು ಹೇಳಿ ಒಳಗೆ ಬಂದ ಬಹಳ ಮಂದಿಯನ್ನು ಕಂಡಿದ್ದೇನೆ. ಬ್ರಹ್ಮಚಾರಿ ಅಂತ ಬಂದವನ ಹಿಂದೆ ಮರುದಿನ ಟಾಂಗಾದಲ್ಲಿ ಹೆಂಡತಿ, ಮಕ್ಕಳು, ಅತ್ತೆ, ಒಂದು ಆಡು ಬಂದಿದ್ದವು. ಅದು ಇದ್ದವರನ್ನು ಇಲ್ಲ ಅನ್ನುವ ಸುಳ್ಳು. ಅದಕ್ಕೆ ಖರ್ಚು ಕಡಿಮೆ. ಇಲ್ಲದವರನ್ನು ಇದ್ದಾರೆ ಅನ್ನುವ ಸುಳ್ಳಿಗೆ ವಾರವಾರ ಅಂಗಿ ಒಗೆಯಬೇಕು ನೋಡು.

ಗದಗಿನವನು, ನಮ್ಮವನು ಅಂತ ಬರೆದಿದ್ದೀ. ವಿಭೂತಿಯನ್ನು ಯಾರು ಬೇಕಾದರೂ ಹಚ್ಚಿಕೊಳ್ಳಬಹುದು, ಅದಕ್ಕೆ ಲೈಸೆನ್ಸ್ ಬೇಕಿಲ್ಲ.

ಒಂದು ಮಾತು ನೀನು ಬರೆಯಲಿಲ್ಲ. ಆ ಮುದುಕ ಅಲ್ಲಿ ಇಲ್ಲ ಅಂದರೆ, ಎಲ್ಲಿದ್ದಾನೆ?

ಜೋಳದ ಹಿಟ್ಟು ಸಿಕ್ಕರೆ ಸೋಮವಾರದ ಮೊದಲ ರೊಟ್ಟಿ ಜಂಗಮರಿಗೆ ತೆಗೆದಿಡುವುದನ್ನು ಬಿಡಬೇಡ. ಅಲ್ಲಿ ಜಂಗಮರು ಎಲ್ಲಿಂದ ಬಂದಾರು. ಬಾಗಿಲ ಮುಂದೆ ಹಸಿದವರು ಯಾರಿದ್ದರೂ ಅವರೇ ಜಂಗಮರು ಅಂತ ತಿಳಿ.

ಗುರುಸಿದ್ದವ್ವ


ಸೆಂಗ್‌ಕಾಂಗ್
7 ಮೇ 2007

ಮುದ್ದು ಆಯಿ,

ನಿನಗೊಬ್ಬ ಜಂಗಮರನ್ನು ಹುಡುಕಿದ್ದೇನೆ.

ಇಲ್ಲಿ ಪ್ರತಿ ಬ್ಲಾಕಿನ ಬುಡದಲ್ಲೂ ಗೋಡೆಯಿಲ್ಲದ ಖಾಲಿ ಜಾಗ ಬಿಟ್ಟಿರುತ್ತಾರೆ. ವಾಯ್ಡ್ ಡೆಕ್ ಅನ್ನುತ್ತಾರೆ. ಮದುವೆ, ಸಾವು, ಹರಟೆ ಎಲ್ಲ ಅಲ್ಲಿಯೇ. ನಮ್ಮ ಬ್ಲಾಕಿನದರ ಅಂಚಿಗೆ ಒಂದು ಕಲ್ಲಿನ ಮೇಜಿದೆ. ಅಲ್ಲಿ ಒಬ್ಬ ಚೀನೀ ಅಜ್ಜ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬರೇ ಕೂತಿರುತ್ತಾರೆ. ಯಾರೊಡನೆಯೂ ಮಾತಿಲ್ಲ. ನಾನು ಕಲ್ಲುಮೇಜಿನ ಅಂಕಲ್ ಅಂತ ಹೆಸರಿಟ್ಟಿದ್ದೇನೆ.

ಸೋಮವಾರ ರೊಟ್ಟಿ ಬಡಿದೆ. ಕೆಳಗಿನ ಮನೆಯವರು ಮೇಲೆ ಬಂದು, ಏನಾದರೂ ರಿಪೇರಿ ನಡೀತಿದೆಯಾ ಅಂತ ಕೇಳಿ ಹೋದರು. ಮೊದಲ ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ಕೆಳಗೆ ಒಯ್ದೆ. ಅಜ್ಜ ರೊಟ್ಟಿಯನ್ನು ತಿರುಗಿಸಿ ನೋಡಿದರು.

“ಬಿಸ್ಕಿಟ್?”

“ರೊಟ್ಟಿ, ಅಂಕಲ್.”

“ತುಂಬಾ ಹಾರ್ಡ್ ಲಾ” (ಇಲ್ಲಿ ಮಾತಿನ ಕೊನೆಗೆಲ್ಲ ಒಂದು ‘ಲಾ’) ಅಂತ ತಮ್ಮ ಹಲ್ಲು ತೋರಿಸಿದರು. ಹಲ್ಲು ಇರಲಿಲ್ಲ. ಇಬ್ಬರೂ ನಕ್ಕೆವು. ಈಗ ಮೊಸರಿನಲ್ಲಿ ನೆನೆಸಿ ಕೊಡುತ್ತೇನೆ, ಚೊಕ್ಕಟವಾಗಿ ತಿನ್ನುತ್ತಾರೆ.

ಅವರು ತಿನ್ನುವಾಗಲೂ ಕತ್ತೆತ್ತಿ ನಮ್ಮ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿರುತ್ತಾರೆ. ನನ್ನ ಸೀರೆಗಳ ಬಣ್ಣ ಮೆಚ್ಚಿದ್ದಾರೆ ಅಂದುಕೊಂಡು ಬೀಗಿದೆ. ಮೊನ್ನೆ ಮೇಲಕ್ಕೆ ಬೆರಳು ತೋರಿಸಿ “ರಾಂಗ್ ಲಾ” ಅಂದರು. ಎರಡೂ ತೋಳುಗಳ ಒಳಗೆ ಕೋಲು ತೂರಿಸಿ ಅಂಗಿ ಹಾಕಬೇಕು, ಭುಜದ ಮೇಲೆ ಗುರುತು ಬೀಳಬಾರದು ಅಂತ ಕೈಯಲ್ಲಿ ಅಭಿನಯಿಸಿ ತೋರಿಸಿದರು. ಕಿರಣನ ಅಂಗಿಗಳನ್ನು ಹೇಗೆ ಹಾಕಿದರೂ ಅವರಿಗೆ ಚಿಂತೆಯಿಲ್ಲ. ನೀಲಿ ಅಂಗಿಯೊಂದರದೇ ತಕರಾರು. ಮುದುಕರ ಹಟ.

ಇನ್ನೊಂದು. ಆ ಬೀಗದ ರೂಮಿನಲ್ಲಿ ಬೆಳಕಿದೆ. ಸಂಜೆ ಹೊರಗಿನಿಂದ ಬಂದು ಲೈಟ್ ಹಾಕುವ ಮೊದಲು ನೋಡಿದರೆ ಬಾಗಿಲಿನ ಕೆಳಗೆ ಕೆಂಪು ಗೆರೆ. ಅಲುಗುವುದಿಲ್ಲ, ಆರುವುದಿಲ್ಲ. ಕಿರಣನಿಗೆ ತೋರಿಸಿದೆ. “ನಿನ್ನ ಮಿಸ್ಟರ್ ಲಿಮ್ ಒಳಗೆ ಕೂತು ಫೋಟೋ ತೊಳೀತಿದ್ದಾರೆ” ಅಂದ. ಆನಂದಕುಮಾರ ಅಂಕಲ್‌ಗೆ ಫೋನ್ ಮಾಡಿದರೆ “ಕೆಳಗ ಒಂದು ಟವೆಲ್ ಇಟ್ಟುಬಿಡು, ಕಾಣೂದಿಲ್ಲ” ಅಂದರು. ಟವೆಲ್ ಇಟ್ಟಿದ್ದೇನೆ. ಈಗ ಟವೆಲ್ ಕೆಂಪಗೆ ಕಾಣುತ್ತದೆ.

ಹೋದ ವಾರ ಪಕ್ಕದ ಬ್ಲಾಕಿನಲ್ಲಿ ಒಂದು ಆಂಧ್ರದ ಸಂಸಾರವನ್ನು ಮನೆ ಬಿಡಿಸಿದರು. ನಮ್ಮ ಥರದ್ದೇ ಬೀಗದ ರೂಮಂತೆ. ಅವರ ಫ್ರಿಜ್ಜು, ತೊಟ್ಟಿಲು, ದೇವರ ಮಂಟಪ ಎಲ್ಲ ವಾಯ್ಡ್ ಡೆಕ್ಕಿನಲ್ಲಿ ಸಾಲಾಗಿ ನಿಂತಿದ್ದವು. ಆ ಹೆಂಗಸು ಮಂಟಪದ ಪಕ್ಕ ಕೂತು ಫೋನಿನಲ್ಲಿ ತನ್ನ ಅಮ್ಮನಿಗೆ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದಳು. ತೆಲುಗು ನನಗೆ ಅಷ್ಟು ತಿಳಿಯುತ್ತದೆ. ಅವತ್ತಿನಿಂದ ಬೆಲ್ ಆದರೆ ನಾವಿಬ್ಬರೂ ಉಸಿರು ಬಿಗಿಹಿಡಿದು ಸೋಫಾ ಮೇಲೆ ಕೂತುಬಿಡುತ್ತೇವೆ. ಆಮೇಲೆ ನಗುತ್ತೇವೆ. ಮೊದಲಿನಷ್ಟು ಅಲ್ಲ.

ನಾನು ಚೆನ್ನಾಗಿದ್ದೇನೆ ಆಯಿ. ನಿಜವಾಗಿ.

ಅಕ್ಷತಾ


ಹುಬ್ಬಳ್ಳಿ
30 ಮೇ 2007

ಅಕ್ಷತಾ,

ಕಾಗದ ಓದಿಸಿಕೊಂಡೆ. ಕನ್ನಡಕದ ಕಡ್ಡಿ ಮುರಿದಿದೆ, ಅದಕ್ಕೆ ನಿಮ್ಮ ಅವ್ವ ಓದಿದಳು. ಕೆಂಪು ಬೆಳಕಿನ ವಿಷಯ ಬಂದಾಗ ಅವಳು ನಿಲ್ಲಿಸಿಬಿಟ್ಟಳು. ನಾನು ಮುಂದೆ ಓದು ಅಂದೆ.

ಆ ಮನುಷ್ಯ ನಿನ್ನ ಸೀರೆ ನೋಡುವುದಿಲ್ಲ. ನೂರು ಬಟ್ಟೆಯಲ್ಲಿ ಒಂದೇ ಅಂಗಿಯ ಭುಜದ ಚಿಂತೆ ಯಾರಿಗೆ ಇರುತ್ತದೆ?

ಅವನ ಹೆಸರು ಕೇಳು. ರೊಟ್ಟಿ ಕೊಡುವವಳು ಹೆಸರು ಕೇಳಬೇಕು.

ಆಯಿ


ಸೆಂಗ್‌ಕಾಂಗ್
21 ಆಗಸ್ಟ್ 2007

ಆಯಿ,

ನಿನ್ನ ಕಾಗದ ಬಂದು ಎರಡು ತಿಂಗಳಾದರೂ ಬರೆಯಲಿಲ್ಲ. ಮೊದಲು ಸಿಹಿ ಸುದ್ದಿ: ನೀನು ಮುತ್ತಜ್ಜಿಯಾಗುತ್ತೀ. ಮೂರು ತಿಂಗಳು. ತೊಗರಿಬೇಳೆ ಕುದಿಯುವ ವಾಸನೆ ಬಂದರೆ ಸಾಕು, ಓಡಬೇಕು. ಕಿರಣ ನನ್ನನ್ನು ಗಾಜಿನ ಬೊಂಬೆಯ ಹಾಗೆ ನೋಡಿಕೊಳ್ಳುತ್ತಾನೆ. ಎಲ್ಲರಿಗೂ ಹಂಚು, ಪೇಡೆಯ ಜೊತೆ.

ಕಲ್ಲುಮೇಜಿನ ಅಂಕಲ್‌ನ ಹೆಸರು ಕೇಳಲಿಲ್ಲ. ಕೇಳಬೇಕು ಅಂತ ಕೆಳಗಿಳಿದವಳು ಪ್ರತಿಸಲ ಕೇಳದೆ ಬಂದೆ. ಯಾಕೆ ಅಂತ ನೀನೇ ತಿಳಿದುಕೋ.

ನಿನ್ನೆ ಶ್ರಾವಣ ಸೋಮವಾರ. ಇಲ್ಲಿಯ ಚೀನೀಯರಿಗೆ ಇದು ಅವರ ಪಂಚಾಂಗದ ಏಳನೇ ತಿಂಗಳು, ಸತ್ತವರು ಮನೆಗೆ ಬಂದು ಹೋಗುವ ತಿಂಗಳಂತೆ. ಬ್ಲಾಕ್ ಬ್ಲಾಕಿನ ಮುಂದೆ ತಗಡಿನ ಡಬ್ಬಿಗಳಲ್ಲಿ ಕಾಗದ ಸುಡುತ್ತಾರೆ, ಬೂದಿ ಮೇಲೆ ಹಾರಿ ಬಂದು ಬಟ್ಟೆಗೆ ಅಂಟುತ್ತದೆ. ರೊಟ್ಟಿ ಒಯ್ದಾಗ ಅಂಕಲ್ ಡಬ್ಬಿಯ ಮುಂದೆ ಮಂಡಿಯೂರಿ ಒಬ್ಬರೇ ಕೆಮ್ಮುತ್ತಿದ್ದರು. ಹೊಗೆಯಲ್ಲಿ ಕೂರಿಸಿ ಊಟ ಹಾಕುವುದು ಹೇಗೆ? ಶ್ರಾವಣ ಬೇರೆ. ಮೇಲೆ ಬನ್ನಿ ಅಂಕಲ್, ಪ್ರಸಾದ ತಗೊಳ್ಳಿ ಅಂತ ಕೈಹಿಡಿದು ಕರೆತಂದೆ.

ಲಿಫ್ಟಿನಲ್ಲಿ ನಾನು ಗುಂಡಿ ಒತ್ತುವ ಮೊದಲು ಅವರೇ ಒಂಬತ್ತು ಒತ್ತಿದರು.

ಬಾಗಿಲಿಗೆ ಬಂದು ಕಂದು ಚಪ್ಪಲಿಯ ಮುಂದೆ ನಿಂತರು. ತಮ್ಮ ಚಪ್ಪಲಿ ಬಿಟ್ಟು ಅದರ ಪಕ್ಕ ಜೋಡಿಸಿಟ್ಟರು. ಎರಡು ಜೊತೆಯೂ ಒಂದೇ ಕಡೆ ಸವೆದಿದ್ದವು ಆಯಿ. ಬಲಗಾಲಿನ ಹಿಮ್ಮಡಿ, ಹೊರ ಅಂಚು.

ಆದರೂ ತಟ್ಟೆ ಹಾಕಿದೆ. ಅವರು ಕೂತು ಎರಡು ತುತ್ತು ತಿಂದಿದ್ದರು, ಬೆಲ್ ಆಯಿತು. ಕಿರಣ ಒನ್-ನಾರ್ತ್‌ನ ತನ್ನ ಆಫೀಸಿನಲ್ಲಿ ಮೀಟಿಂಗಿಗೆ ಕೂತಿದ್ದ. ಅಡುಗೆಮನೆಯ ದೀಪ ಹೊರಗೆ ಕಾಣುತ್ತಿತ್ತು, ಇಲ್ಲ ಅನ್ನುವ ಹಾಗಿರಲಿಲ್ಲ. ಹೌಸಿಂಗ್ ಬೋರ್ಡಿನ ಇಬ್ಬರು, ಒಬ್ಬ ಹೆಂಗಸು ಒಬ್ಬ ಗಂಡಸು. ಶೂ ಬಿಚ್ಚಿಟ್ಟು ಒಳಗೆ ಬಂದರು, ಬಹಳ ಮರ್ಯಾದಸ್ತರು.

“ಮಾಲೀಕರು ಇದ್ದಾರಾ?” ಅಂತ ಆ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು.

ಮಾರ್ಕೆಟ್ಟಿಗೆ ಹೋಗಿದ್ದಾರೆ ಅನ್ನಬೇಕಿತ್ತು. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಮಾತು. ಬಾಯಿ ತೆರೆದೆ, ಬರಲಿಲ್ಲ. ಮೇಜಿನ ಮುಂದೆ ಕೂತ ಅಂಕಲ್‌ನ ಕಡೆ ಕೈ ಮಾಡಿ “ಇವರೇ” ಅಂದುಬಿಟ್ಟೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಆ ಗಳಿಗೆಯಲ್ಲಿ ನನಗೇ ಗೊತ್ತಿರಲಿಲ್ಲ.

“ಅಂಕಲ್, ನಿಮ್ಮ ರೂಮ್ ಯಾವುದು?”

ಅವರು ಕೈ ಒರೆಸಿಕೊಂಡರು. ಬನಿಯನ್ನಿನ ಒಳಗಿಂದ ಒಂದು ದಾರ ಎಳೆದರು. ದಾರದ ತುದಿಗೆ ಬೀಗದಕೈ. ನಡೆದುಹೋಗಿ, ನನ್ನ ಟವೆಲನ್ನು ಕಾಲಿನಿಂದ ಸರಿಸಿ, ಬೀಗ ತೆಗೆದರು.

ಒಳಗೆ ಒಂದು ಮಂಚ. ಗೋಡೆಯಲ್ಲಿ ಸಣ್ಣ ಮಂಟಪ, ಅದರಲ್ಲಿ ಎರಡು ಕೆಂಪು ಎಲೆಕ್ಟ್ರಿಕ್ ದೀಪ, ನಡುವೆ ಒಬ್ಬ ಹೆಂಗಸಿನ ಫೋಟೋ. ಮುಂದಿಟ್ಟಿದ್ದ ಕಿತ್ತಳೆಗಳು ಒಣಗಿ ಗೋಲಿಗಳಾಗಿದ್ದವು. ಅಷ್ಟು ತಿಂಗಳು ನಾನು ಹೆದರಿದ್ದು ಆ ತಾಯಿಯ ದೀಪಕ್ಕೆ.

ಅಧಿಕಾರಿಗಳು ಅಂಕಲ್‌ನ ಗುರುತಿನ ಚೀಟಿ ನೋಡಿ, ತೊಂದರೆ ಕೊಟ್ಟೆವು ಅಂತ ಹೇಳಿ ಹೋದರು. ಮಿಸ್ಟರ್ ಲಿಮ್ ಮಂಚದ ಮೇಲೆ ಕೂತು ಹಾಸಿಗೆಯನ್ನು ಅಂಗೈಯಿಂದ ಸವರುತ್ತಿದ್ದರು. ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಎರಡು ತಿಂಗಳು ಬೇರೆ ಕಡೆ ಇರು ಅಂತ ಮಗ ಹೇಳಿದ, ಎದುರಿನ ಬ್ಲಾಕಿನಲ್ಲಿ ಯಾರದೋ ಮನೆಯಲ್ಲಿ ಒಂದು ಹಾಸಿಗೆ ಹಿಡಿದುಕೊಟ್ಟ, ಹೊರಬಾಗಿಲ ಬೀಗ ಬದಲಾಯಿಸಿದ. ಒಳಗಿನ ಬೀಗ ಬದಲಾಯಿಸುವುದು ಮರೆತ. ಬಂದವರನ್ನು ಕೇಳಲು ನಾಚಿಕೆ. ಆದರೆ ಹೆಂಡತಿ ಮೇಲೆ ಒಬ್ಬಳೇ ಇದ್ದಳಲ್ಲ, ಅದಕ್ಕೆ ಕೆಳಗೆ ಕೂತಿದ್ದರು.

ಕಿರಣ ಬಂದಾಗ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ. ಬಹಳ ಹೊತ್ತು ಒಳಗೆ ಬರಲಿಲ್ಲ.

ಅಕ್ಷತಾ


ಹುಬ್ಬಳ್ಳಿ
10 ಸೆಪ್ಟೆಂಬರ್ 2007

ನನ್ನ ಬಂಗಾರಿ,

ಪೇಡೆ ಹಂಚಿದೆ. ಚಾಳದವರೆಲ್ಲ ಹೆಸರು ಸೂಚಿಸುತ್ತಿದ್ದಾರೆ, ನಾನು ಯಾರದೂ ಕೇಳಿಸಿಕೊಳ್ಳುವುದಿಲ್ಲ. ಕಿವಿ ಮಂದವಾಗಿದ್ದರ ಲಾಭ ಇದೊಂದೇ.

ಆ ಹಿರಿಯರನ್ನು ಅಲ್ಲಿಯೇ ಇಟ್ಟುಕೋ. ಅವರು ಒಳಗಿದ್ದರೆ ನೀವು ರೂಮು ಹಿಡಿದ ಬಾಡಿಗೆದಾರರು, ಕಾಯಿದೆಗೆ ಸರಿ, ದೇವರಿಗೂ ಸರಿ. ಅವರು ಹೊರಗಿದ್ದರೆ ನೀವು ಏನು ಅಂತ ನಾನು ಬರೆಯುವುದಿಲ್ಲ, ಬಸುರಿಗೆ ಕೆಟ್ಟ ಮಾತು ಬರೆಯಬಾರದು.

ಆದರೆ ಎಚ್ಚರ. ಆ ಮಗ ಸುಮ್ಮನಿರಲಿಕ್ಕಿಲ್ಲ. ಒಂದು ರೂಮಿಗೆ ಬರುವ ಬಾಡಿಗೆಯನ್ನು ತಂದೆ ಮಲಗಿ ಹಾಳು ಮಾಡುತ್ತಿದ್ದಾನೆ ಅಂತ ತಿಳಿಯುವ ಮಕ್ಕಳನ್ನು ನಾನು ಕಂಡಿದ್ದೇನೆ. ನೇರವಾಗಿ ಬರುವುದಿಲ್ಲ. ನಿನ್ನ ಕೈಯಿಂದಲೇ ಮಾಡಿಸುತ್ತಾನೆ.

ತೊಗರಿಬೇಳೆ ಬಿಡು, ಹೆಸರುಬೇಳೆ ಮಾಡು.

ಆಯಿ


ಸೆಂಗ್‌ಕಾಂಗ್
30 ಸೆಪ್ಟೆಂಬರ್ 2007

ಪ್ರೀತಿಯ ಆಯಿ,

ಹೆಸರುಬೇಳೆ ಒಗ್ಗಿತು, ಥ್ಯಾಂಕ್ಸ್. ಈಗ ಹೊಟ್ಟೆ ಸ್ವಲ್ಪ ಕಾಣುತ್ತದೆ, ರೈಲಿನಲ್ಲಿ ಎದ್ದು ಸೀಟು ಕೊಡುತ್ತಾರೆ. ಕಿರಣನಿಗೆ ಆಫೀಸಿನಲ್ಲಿ ಒಳ್ಳೆಯ ಹೆಸರು ಬಂದಿದೆ. ಲಿಟಲ್ ಇಂಡಿಯಾದಲ್ಲಿ ದೀಪಾವಳಿಗೆ ದೀಪ ಕಟ್ಟಿದ್ದಾರೆ, ನೋಡಿ ಬಂದೆವು. ಮಗುವಿಗೆ ಒಂದು ಹಳದಿ ಟೋಪಿ ತಗೊಂಡೆ. ಅಂಗೈಯಷ್ಟು ಇದೆ, ಅದಕ್ಕೆ ಕಿವಿ ಬೇರೆ. ಅಂಗಡಿಯವಳು ನನ್ನ ಮುಖ ನೋಡಿ ನಕ್ಕಳು.

ಮಿಸ್ಟರ್ ಲಿಮ್ ಮಗನ ಕಡೆ ಹೋದರು. ಅವರಿಗೂ ವಯಸ್ಸಾಯಿತು, ಅಲ್ಲಿ ನೋಡಿಕೊಳ್ಳುವವರು ಇರುತ್ತಾರೆ.

ಜೋಳದ ಹಿಟ್ಟಿಗೆ ಹುಳ ಬಂದಿದೆ. ಸದ್ಯಕ್ಕೆ ರೊಟ್ಟಿ ಮಾಡುತ್ತಿಲ್ಲ.

ನಿನ್ನ
ಅಕ್ಷತಾ


ಹುಬ್ಬಳ್ಳಿ
18 ಅಕ್ಟೋಬರ್ 2007

ಅಕ್ಷತಾ,

ಹಿಟ್ಟಿಗೆ ಹುಳ ಬಂದರೆ ಬಿಸಿಲಿಗೆ ಹಾಕಿ ಜರಡಿ ಹಿಡಿಯುತ್ತಾರೆ, ರೊಟ್ಟಿ ಬಿಡುವುದಿಲ್ಲ.

ಏಪ್ರಿಲ್‌ನಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ. ಆ ಮುದುಕ ಎಲ್ಲಿದ್ದಾನೆ?

ಗುರುಸಿದ್ದವ್ವ


ಸೆಂಗ್‌ಕಾಂಗ್
5 ನವೆಂಬರ್ 2007, ಸೋಮವಾರ

ಆಯಿ,

ಹಾಲಿನ ಸೋಫಾದ ಮೇಲೆ ಅವರಿಬ್ಬರೂ ಕೂತಿದ್ದಾರೆ, ಆಗಸ್ಟಿನಲ್ಲಿ ಬಂದ ಅದೇ ಹೆಂಗಸು, ಅದೇ ಗಂಡಸು. ನಾನು ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನೀರು ಕುದಿಯುವಷ್ಟು ಹೊತ್ತು ಇದೆ.

“ಮಾಲೀಕರು ಇದ್ದಾರಾ?” ಅಂದಳು.

“ಮಾರ್ಕೆಟ್ಟಿಗೆ ಹೋಗಿದ್ದಾರೆ.”

“ಯಾವಾಗ ಬರುತ್ತಾರೆ?”

“ಸಂಜೆಗೆ.”

ಎಷ್ಟು ಸಲೀಸಾಗಿ ಬಂತು ಅಂತೀ. ಆಗಸ್ಟಿನಲ್ಲಿ ನಾಲಿಗೆಗೆ ಬಾರದ ಮಾತು ಇವತ್ತು ನನ್ನ ಹೆಸರಿನಷ್ಟು ಸಲೀಸಾಗಿ ಬಂತು. ಪರವಾಗಿಲ್ಲ, ಕಾಯುತ್ತೇವೆ ಅಂದರು. ಅವಳು ಬೀಗದ ರೂಮಿನ ಬಾಗಿಲಿನ ಕೆಳಗೆ ನೋಡಿದಳು. “ಹೋದ ಸಲ ಒಳಗೆ ಕೆಂಪು ದೀಪ ಇತ್ತಲ್ಲ” ಅಂದಳು, ಅಷ್ಟೇ.

ನಿನ್ನ ಪ್ರಶ್ನೆಗೆ ಉತ್ತರ. ಸೆಪ್ಟೆಂಬರಿನಲ್ಲಿ ಆನಂದಕುಮಾರ ಅಂಕಲ್ ಬಂದರು. ಮಗನಿಗೆ ಆ ರೂಮು ಬೇಕು, ಇಬ್ಬರು ಹುಡುಗರಿಗೆ ಬಾಡಿಗೆಗೆ ಕೊಡಲಿಕ್ಕೆ. “ಮುದುಕ ಮಗನ ಮಾತು ಕೇಳವಲ್ಲ, ನನ್ನ ಮಾತೂ ಕೇಳವಲ್ಲ. ನಿನ್ನ ಮಾತು ಕೇಳ್ತಾನ ತಂಗಿ. ನೀ ಹೋಗು ಅಂದರ ಹೊಕ್ಕಾನ. ಇಲ್ಲಂದರ ನೀವಿಬ್ಬರೂ ಜಾಗಾ ನೋಡಿಕೊಳ್ಳಿರಿ. ಮತ್ತ ಅಷ್ಟು ತಿಂಗಳು ಸುಳ್ಳಿಗೆ ಸಹಿ ಹಾಕಿದವರು ನೀವು, ನಾನಲ್ಲ.” ಹಣೆಯ ಮೇಲಿನ ವಿಭೂತಿ ಬೆವರಿಗೆ ಅಳಿಸಿರಲಿಲ್ಲ, ನೋಡಿಕೊಂಡೆ.

ಕಿರಣನದು ಒಂದೇ ಮಾತು: “ಮಗು ಬರ್ತಿದೆ ಅಕ್ಷತಾ. ಮತ್ತೆ ಪರದೆ ಕಟ್ಟಿಕೊಳ್ಳೋಣವಾ?”

ನಾನು ಹೋಗು ಅನ್ನಲಿಲ್ಲ ಆಯಿ. ಏನೂ ಅನ್ನಲಿಲ್ಲ. ಸೋಮವಾರ ರೊಟ್ಟಿ ಬಡಿದೆ. ಆ ತಿಂಗಳೆಲ್ಲ ಸದ್ದು ಕೇಳಿದೊಡನೆ ಮಿಸ್ಟರ್ ಲಿಮ್ ರೂಮಿನಿಂದ ಬಂದು ತಮ್ಮ ಕುರ್ಚಿಯ ಮೇಲೆ ಕೂರುತ್ತಿದ್ದರು, ಮಗುವಿನ ಹಾಗೆ. ಅವತ್ತು ಎರಡೇ ತಟ್ಟೆ ಹಾಕಿದೆ. ಅವರು ಬಂದರು. ಎರಡು ತಟ್ಟೆ ನೋಡಿದರು, ನನ್ನನ್ನು ನೋಡಿದರು, ನಾನು ರೊಟ್ಟಿಯನ್ನು ನೋಡುತ್ತಿದ್ದೆ. “ಓಕೆ ಲಾ” ಅಂದರು. ಕೋಪ ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಒಳಗೆ ಹೋಗಿ ಫೋಟೋವನ್ನು ನೀಲಿ ಅಂಗಿಯಲ್ಲಿ ಸುತ್ತಿಕೊಂಡರು. ಕೆಂಪು ದೀಪವನ್ನು ತಾವೇ ಆರಿಸಿದರು. ದಾರ ಸಮೇತ ಬೀಗದಕೈಯನ್ನು ನನ್ನ ತಟ್ಟೆಯ ಪಕ್ಕ ಇಟ್ಟು ಹೋದರು. ಕಂದು ಚಪ್ಪಲಿ ಹಾಕಿಕೊಳ್ಳಲಿಲ್ಲ. ಅದು ನಾಟಕಕ್ಕೆ ಬೇಕಾಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಗಡಿಯಾಚೆ ಜೊಹೋರ್ ಕಡೆಯ ಯಾವುದೋ ವೃದ್ಧಾಶ್ರಮದಲ್ಲಿ ಇದ್ದಾರೆ ಅಂತ ಆನಂದಕುಮಾರ ಅಂಕಲ್ ಹೇಳುತ್ತಾರೆ. ಯಾವುದು ಅಂದರೆ ಗೊತ್ತಿಲ್ಲ ಅನ್ನುತ್ತಾರೆ. ಗೊತ್ತಿಲ್ಲ ಅಂದವರೇ ಸಿಕ್ಕಿ ಬೀಳೋದು ಅಂತ ನನಗೆ ಕಲಿಸಿದವರು. ಕಲ್ಲಿನ ಮೇಜು ಖಾಲಿ. ಹೊಸ ಹುಡುಗರು ದೀಪಾವಳಿ ಕಳೆದು ಬರುತ್ತಾರೆ. ಅಲ್ಲಿಯವರೆಗೆ ಕೋಲಿಗೆ ಹಾಕಲು ಆನಂದಕುಮಾರ ಅಂಕಲ್ ಅಂಗಡಿಯಿಂದ ಹೊಸ ಬಿಳಿ ಅಂಗಿ ತಂದುಕೊಟ್ಟಿದ್ದಾರೆ. ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಅದನ್ನು ಹಾಕಿದ್ದೇನೆ, ತೋಳಿನೊಳಗೆ ಕೋಲು ತೂರಿಸಿ, ಭುಜದ ಮೇಲೆ ಗುರುತು ಬೀಳದ ಹಾಗೆ. ಕಿಟಕಿಯಿಂದ ಕಾಣುತ್ತಿದೆ. ಯಾರೂ ಹಾಕಿಕೊಳ್ಳದ ಅಂಗಿ ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡಿದೆ.

ನೀರು ಕುದಿಯಿತು.

ಕಿರಣನಿಗೆ ಫೋನ್ ಮಾಡಿಲ್ಲ. ಮಾಡಿದರೆ ಅವನು ಬೇಡ ಅನ್ನುತ್ತಾನೆ, ಅವನು ಬೇಡ ಅಂದರೆ ನಾನು ಕೇಳುತ್ತೇನೆ. ಅದಕ್ಕೆ.

ಬೀಗದಕೈಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಈಗ ತೆಗೆದು ಒರೆಸಿದೆ. ಟೀ ಜೊತೆ ಇದನ್ನೂ ಟ್ರೇಯಲ್ಲಿಟ್ಟು ಅವರ ಮುಂದೆ ಇಡುತ್ತೇನೆ. ಮಾಲೀಕರು ಮಾರ್ಕೆಟ್ಟಿಗೆ ಹೋಗಿಲ್ಲ, ಎಲ್ಲಿದ್ದಾರೆ ಅಂತ ನನಗೆ ಗೊತ್ತಿಲ್ಲ, ದಯವಿಟ್ಟು ಹುಡುಕಿ ಅನ್ನುತ್ತೇನೆ. ಬಾಯಿಂದ ಮಾತು ಬರುತ್ತದೋ ಇಲ್ಲವೋ ಅಂತ ಹೆದರಿಕೆ. ಅದಕ್ಕೇ ಮೊದಲು ನಿನಗೆ ಬರೆದೆ, ಒಮ್ಮೆ ಬರೆದದ್ದನ್ನು ನುಂಗಲಾಗುವುದಿಲ್ಲ.

ಉತ್ತರವನ್ನು ಈ ವಿಳಾಸಕ್ಕೆ ಹಾಕಬೇಡ ಆಯಿ. ಹೊಸದು ಸಿಕ್ಕಮೇಲೆ ಬರೆಯುತ್ತೇನೆ.

ನಿನ್ನ
ಅಕ್ಷತಾ